ಬಾಯಿಗೆ ನೀರು

ತಂಬಿಗೆ ಹಿಡಿದು ಹೆಣದ ಪಕ್ಕ ಕೂತಿದ್ದ ಸ್ವರ್ಣಲತಾ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ರಾಜನ ಕಡೆ ತಿರುಗಿದಳು. "ಮಾವ, ಅಣ್ಣ ಹೋದಾಗ ಬಾಯಿಗೆ ನೀರು ಬಿಟ್ಟದ್ದು ಯಾರು?" ಎಂದು ಕೇಳಿಯೇಬಿಟ್ಟಳು. ರಂಗದ ಬದಿಯಲ್ಲಿ ಪುಸ್ತಕ ಹಿಡಿದು ನಿಂತಿದ್ದ ಚಿತ್ತರಂಜನ ಮಾಸ್ತರರು ಥಟ್ಟನೆ ತಲೆ ಎತ್ತಿದರು. ಅವರ ಗೀತನಾಟಕದಲ್ಲಿ ಮಾತೇ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹಾಡು, ಬರೀ ಹಾಡು. ಮಂಗಳೂರಿನಲ್ಲಿ ಅಂಥದ್ದು ಇದೇ ಮೊದಲು ಎಂದು ಜೆಪ್ಪಿನಿಂದ ಸುರತ್ಕಲ್ಲಿನವರೆಗೆ ಸಿಕ್ಕಿದವರಿಗೆಲ್ಲ ಅವರು ಹೇಳಿಕೊಂಡು ಬಂದಿದ್ದರು.

"ಎಂತ ಸರ್ ಇದು?" ಅಲ್ಫೋನ್ಸ್ ಪಿಟೀಲು ಕೆಳಗಿಳಿಸಿ ಪಿಸುಗುಟ್ಟಿದ. "ಪುಸ್ತಕದಲ್ಲಿ ಉಂಟಾ?"

"ಇಲ್ಲ ಮಾರಾಯ." ಆದರೂ ಮಾಸ್ತರರು ಪುಟ ತಿರುವಿ ನೋಡಿದರು.

ಕಥೆ ಗ್ರೀಕರದು, ಎರಡು ಸಾವಿರ ವರ್ಷಕ್ಕಿಂತ ಹಳೆಯದು. ರಾಜ್ಯದಲ್ಲಿ ಪಾಲು ಕೇಳಿ ದಂಡೆತ್ತಿ ಬಂದು ಸತ್ತವನೊಬ್ಬ. ಅವನ ಹೆಣಕ್ಕೆ ಯಾರೂ ಸಂಸ್ಕಾರ ಮಾಡಕೂಡದೆಂದು ಡಂಗುರ ಹೊಡೆಸುವ ರಾಜ ಅವನ ಸೋದರಮಾವನೇ. ತಂಗಿ ಕೇಳುವುದಿಲ್ಲ, ಹೋಗಿ ಅಣ್ಣನ ಮೇಲೆ ಹಿಡಿ ಮಣ್ಣು ಹಾಕುತ್ತಾಳೆ. ಹೆಣವನ್ನು ಹೂಳದೆ ಸುಡುವ ಜನಕ್ಕೆ ಮಣ್ಣು ಎದೆಗೆ ತಾಗಲಿಕ್ಕಿಲ್ಲವೆಂದು ಮಾಸ್ತರರು ಮಣ್ಣು ತೆಗೆದು ನೀರು ಮಾಡಿದ್ದರು, ಸತ್ತವರ ಬಾಯಿಗೆ ಮನೆಯವರು ತುಳಸಿ ಎಲೆಯಲ್ಲಿ ಬಿಡುವ ನೀರು. ಉಳಿದದ್ದನ್ನು ಬದಲಾಯಿಸುವ ಅಗತ್ಯವೇ ಬೀಳಲಿಲ್ಲ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಈ ಊರಿನಲ್ಲಿ ಸೋದರಮಾವನೇ ಮನೆಯ ಯಜಮಾನ, ಅವನ ಮಾತೇ ಕಾನೂನು.

ರಾಜನ ಪಾತ್ರಕ್ಕೆ ಸಿಕ್ಕಿದವರು ಬಿಕರ್ನಕಟ್ಟೆಯ ದುಗ್ಗಪ್ಪ ಶೆಟ್ಟರು. ವೇಷವಿಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಮೂವತ್ತು ವರ್ಷ ಅರ್ಥ ಹೇಳಿದವರು, ಅಂದರೆ ಪದ್ಯ ಮುಗಿದೊಡನೆ ಕೂತಲ್ಲೇ ಮಾತು ಕಟ್ಟಿ ಎದುರಿನವರ ಬಾಯಿ ಮುಚ್ಚಿಸುವ ಗಟ್ಟಿಗರು. ತಂಗಿಯ ಪಾತ್ರಕ್ಕೆ ಅವರ ಸ್ವಂತ ಸೋದರಸೊಸೆ ಸ್ವರ್ಣಲತಾ. ತಾಯಿಯಿಲ್ಲದ ಅವಳನ್ನೂ ಅವಳ ಅಣ್ಣ ಗುಣಪಾಲನನ್ನೂ ಸಾಕಿದವರು ಶೆಟ್ಟರೇ. ಆ ಗುಣಪಾಲ ದೊಡ್ಡವನಾಗಿ, ಆಸ್ತಿಯಲ್ಲಿ ಪಾಲು ಬೇಕೆಂದು ಮಾವನ ಮೇಲೆ ದಾವೆ ಹೂಡಿದ. "ಇನ್ನು ನನ್ನ ಕೈಯಿಂದ ಅವನಿಗೆ ತೊಟ್ಟು ನೀರಿಲ್ಲ" ಎಂದು ಶೆಟ್ಟರು ಆಣೆ ಹಾಕಿದರು. ವ್ಯಾಜ್ಯ ಮುಗಿಯುವ ಮೊದಲೇ ಹುಡುಗ ಅದೇ ಮನೆಯಲ್ಲಿ ಜ್ವರದಿಂದ ಸತ್ತ. ಉಡುಪಿಯಲ್ಲಿ ಓದುತ್ತಿದ್ದ ಸ್ವರ್ಣಲತಾ ಬರುವಷ್ಟರಲ್ಲಿ ಚಿತೆ ಆರಿತ್ತು. ಎರಡು ವರ್ಷದಿಂದ ಅವಳು ಕೇಳುತ್ತಿದ್ದದ್ದು ಈ ಒಂದೇ ಪ್ರಶ್ನೆ. ಕೇಳಿದಾಗಲೆಲ್ಲ ಶೆಟ್ಟರು ಊಟದ ಎಲೆಯಿಂದ ಎದ್ದು ಹೋಗುತ್ತಿದ್ದರು.

ಇಷ್ಟೂ ತಿಳಿದಿದ್ದೇ ಮಾಸ್ತರರು ಇಬ್ಬರನ್ನೂ ಹಾಕಿಕೊಂಡರು. ನಿಜವಾದ ಸಂಕಟವಿದ್ದರೆ ಕಂಠಕ್ಕೆ ಒಳ್ಳೆಯದೆಂದು ಅವರ ಎಣಿಕೆ. ಉರಿಯುವ ಮನೆಯಿಂದ ಗಳ ಹಿರಿಯುವ ಬುದ್ಧಿ ಕಲಾವಿದರಿಗೂ ಇರುತ್ತದೆ. ಶೆಟ್ಟರಿಗೆ ಮಾತ್ರ ಮೊದಲ ದಿನವೇ ಕರಾರು ಹಾಕಿದ್ದರು: "ಶೆಟ್ಟರೇ, ಇಲ್ಲಿ ಅರ್ಥ ಹೇಳ್ಲಿಕ್ಕಿಲ್ಲ. ಪುಸ್ತಕದಲ್ಲಿ ಇದ್ದದ್ದು ಮಾತ್ರ."

"ನಾನಾಗಿ ಒಂದಕ್ಷರ ಸೇರಿಸುವುದಿಲ್ಲ ಮಾಷ್ಟ್ರೇ. ಆದ್ರೆ ಎದುರಿನ ಪಾತ್ರ ಪ್ರಶ್ನೆ ಕೇಳಿದ್ರೆ ಬಿಡ್ಲಿಕ್ಕೆ ಬರುವುದಿಲ್ಲ. ಉತ್ತರ ಕೊಡದೆ ಎದ್ದವ ಅರ್ಥಧಾರಿಯೇ ಅಲ್ಲ."

ಕಾಫಿ ಲೋಟ ಹಿಡಿದು ಸ್ವರ್ಣಲತಾ ಆಗ ಅಲ್ಲೇ ನಿಂತಿದ್ದಳು. ಅದು ಮಾಸ್ತರರಿಗೆ ನೆನಪಾದದ್ದು ಈಗ, ಭಾನುವಾರ ಸಂಜೆ, ಜೆಪ್ಪಿನ ಸಭಾಂಗಣದಲ್ಲಿ ಮುನ್ನೂರು ಜನರೆದುರು ಶೆಟ್ಟರು ಕಿರೀಟ ಸರಿಪಡಿಸಿಕೊಳ್ಳುತ್ತ ಕೂತಿರುವಾಗ.

"ಪ್ರಶ್ನೆ ಕೇಳಿದ್ದೇನೆ ಮಾವ," ಎಂದಳು ಅವಳು. "ಇದು ಮನೆಯಲ್ಲ. ರಂಗ."

ಶೆಟ್ಟರು ಸಿಂಹಾಸನದ ಕೈ ಹಿಡಿದು ಎದ್ದರು. ದೇವರೇ, ಹಾಗೇ ಒಳಗೆ ಬಂದುಬಿಡಲಿ ಎಂದು ಮಾಸ್ತರರು ಬೇಡಿಕೊಂಡರು. ಶೆಟ್ಟರು ಬರಲಿಲ್ಲ. ಅರ್ಥಧಾರಿಯ ಆ ಭಾರದ ಕನ್ನಡ ಎಲ್ಲಿ ಹೋಯಿತೋ, ಮನೆಯ ಜಗಲಿಯ ಮಾತೇ ಹೊರಬಂತು.

"ಯಾರೂ ಬಿಡ್ಲಿಲ್ಲ. ಸತ್ತ ಮೇಲಿನ ನೀರು ಹಾಗಿರ್ಲಿ, ಜೀವ ಇರುವಾಗ್ಲೇ ಕೇಳಿದ. 'ಮಾವ, ನೀರು' ಅಂದ. ಮೂರು ಸಲ ಅಂದ. ತಂಬಿಗೆ ನನ್ನ ಕಾಲಬುಡದಲ್ಲೇ ಇತ್ತು. ಆಣೆ ಹಾಕಿದ್ದೆನಲ್ಲ, ಯಜಮಾನನ ಮಾತು ತಪ್ಪಬಾರದು ಅಂತ ಕೂತೆ. ನಾಲ್ಕನೇ ಸಲ ಅವ ಕೇಳ್ಲಿಲ್ಲ."

ಮಾಸ್ತರರ ಕೈಯಿಂದ ಪುಸ್ತಕ ಜಾರಿತು. ಹೆಣವಾಗಿ ಮಲಗಿದ್ದ ಅಲೆಕ್ಸ್ ಕಣ್ಣು ಬಿಟ್ಟು ತಲೆ ಎತ್ತಿದ್ದ. ಇದು ತಾನು ಹಚ್ಚಿದ ಬೆಂಕಿ ಎಂದು ಹೊಳೆದು ಮಾಸ್ತರರಿಗೆ ಎಲ್ಲಾದರೂ ಓಡಿಹೋಗಬೇಕೆನಿಸಿತು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಜೆಪ್ಪಿನ ಜನರಿಗೆ ಶೆಟ್ಟರ ಮನೆಯ ಸಂಗತಿ ತಿಳಿಯದು; ಹಳೇ ಹುಲಿ ತಡೆಯಲಾರದೆ ಅರ್ಥ ಹೇಳಿತೆಂದೇ ತಿಳಿದರು. "ಎಂಥ ಅರ್ಥ ಮಾರಾಯ್ರೆ!" ಎಂದು ಯಾರೋ ಉದ್ಗರಿಸಿದರು. ಶಿಳ್ಳೆ ಬಿತ್ತು. ಹಿಂದಿನಿಂದ ಒಬ್ಬ "ಒನ್ಸ್ ಮೋರ್!" ಎಂದು ಕೂಗಿದ್ದೇ ತಡ, ಇಡೀ ಸಭೆ ಹಿಡಿದುಕೊಂಡಿತು: "ಒನ್ಸ್ ಮೋರ್! ಒನ್ಸ್ ಮೋರ್!"

"ಪರದೆ ಹಾಕಿ ಸರ್, ಪರದೆ!" ಎಂದ ಅಲ್ಫೋನ್ಸ್. ಮಾಸ್ತರರು ಹಗ್ಗಕ್ಕೆ ಕೈ ಹಾಕಿದರು. ಎಳೆಯಲಿಲ್ಲ.

ಸ್ವರ್ಣಲತಾ ತಂಬಿಗೆ ಕೆಳಗಿಟ್ಟು ಎದ್ದು ನಿಂತಳು. ಅವಳು ಅಳುತ್ತಿರಲಿಲ್ಲ.

"ಹೇಳಿ ಮಾವ," ಎಂದಳು. "ಇನ್ನೊಮ್ಮೆ ಕೇಳ್ತಿದ್ದಾರೆ."