ಸೊನ್ನೆಯ ಮೇಲೆ ನಿಂತ ಮುಳ್ಳು

"ಲೋರ್ನ್, ಕೇಳಿಸ್ತಿದ್ಯಾ? ಏ, ಬದುಕಿದ್ದೀಯೇನೋ?" ಎಂಜಿನ್ ಡ್ರೈವರ್ ಒರೆಸ್ಟ್ ವಾಕಿಟಾಕಿಗೆ ಕೂಗಿದ. ಉತ್ತರ ಬರಲಿಲ್ಲ. ಮೈನಸ್ ಮೂವತ್ತೆಂಟರ ಚಳಿಗೆ ಅತ್ತಲಿನ ಬ್ಯಾಟರಿ ಸತ್ತಿರಬೇಕು. ಸತ್ತಿದ್ದು ಬ್ಯಾಟರಿಯೊಂದೇ ಆಗಿರಲಿ ಅಂದುಕೊಂಡ.

ಗೋಧಿ ತುಂಬಿದ ನೂರು ವ್ಯಾಗನ್‌ಗಳಲ್ಲಿ ಹಿಂದೆಲ್ಲೋ ಬ್ರೇಕಿನ ಗಾಳಿ ಕೊಳವೆ ಒಡೆದು, ಗಾಡಿ ಸಸ್ಕಾಚೆವನ್ ಬಯಲಿನ ನಡುವೆ ನಿಂತುಬಿಟ್ಟಿತ್ತು. ಹೊಸ ಕೊಳವೆ ಹೆಗಲಿಗೇರಿಸಿಕೊಂಡು ಗಾರ್ಡ್ ಲೋರ್ನ್ ಇಳಿದು ಹೋಗಿ ಒಂದೂವರೆ ಗಂಟೆಯಾಗಿತ್ತು. ಬೀಸುವ ಹಿಮದಲ್ಲಿ ಎರಡನೇ ವ್ಯಾಗನ್ನೇ ಕಾಣುತ್ತಿರಲಿಲ್ಲ. ಅವನಿಗೆ ದಿಕ್ಕು ತಪ್ಪದಿರಲೆಂದು ಒರೆಸ್ಟ್ ನಿಮಿಷಕ್ಕೊಮ್ಮೆ ಹಾರ್ನ್ ಹೊಡೆಯುತ್ತಿದ್ದ. ಎದುರಿನ ಫಲಕದಲ್ಲಿ ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಕದಲಲಿಲ್ಲ.

ಕಿಟಕಿಯ ಬಳಿ ಲೋರ್ನ್‌ನ ಕಾಫಿ ಲೋಟವಿತ್ತು. "ನನ್ ಕಾಫಿ ಮುಟ್ಟಿದ್ರೆ ಗ್ರಹಚಾರ ಬಿಡಿಸ್ತೀನಿ, ಮುದುಕಾ," ಎಂದು ಇಳಿಯುವಾಗ ಗದರಿಸಿದ್ದ. ದಿನಾ ಕದ್ದು ಕುಡಿಯುತ್ತಿದ್ದ ಒರೆಸ್ಟ್‌ಗೆ ಇವತ್ತು ಧೈರ್ಯ ಬರಲಿಲ್ಲ. ಕುಡಿದರೆ, ಅವನಿನ್ನು ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡಂತೆ.

ಎಂಜಿನ್ ಬಿಟ್ಟು ಇಳಿಯಕೂಡದೆಂಬುದು ನಿಯಮ. "ಹಾಳಾಗ್ಹೋಗ್ಲಿ ನಿಯಮ," ಎಂದು ಕೋಟಿನ ಗುಂಡಿ ಹಾಕಿ ಬಾಗಿಲಿಗೆ ಕೈಯಿಟ್ಟ. ಕೊನೆಯ ಸಲ ಮುಳ್ಳಿನತ್ತ ತಿರುಗಿದ. ಅದು ನಡುಗಿತು. ಐದಕ್ಕೆ ಏರಿತು. ಹತ್ತು. ಹದಿನೈದು. ಅಷ್ಟು ದೂರದಲ್ಲಿ ಯಾರೋ ಕೊಳವೆ ಜೋಡಿಸಿದ್ದರು. ಆ ಬಯಲಲ್ಲಿ ಲೋರ್ನ್ ಬಿಟ್ಟರೆ ಇನ್ಯಾರೂ ಇರಲಿಲ್ಲ.

ಒರೆಸ್ಟ್ ಒಂದು ಕೈಯಲ್ಲಿ ಹಾರ್ನ್ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಆ ತಣ್ಣಗಿನ ಕಾಫಿ ಎತ್ತಿ ಗಟಗಟ ಕುಡಿದು ಮುಗಿಸಿದ.

"ಬಾರೋ," ಎಂದ, "ಬಂದು ಬೈಯೋ."