ಒಂದೂವರೆ ಚಮಚ

“ಬೆಳಿಗ್ಗೆ ಇವಳಿಗೆ ಏನಾದ್ರೂ ಔಷಧಿ ಕೊಟ್ಟಿದ್ರಾ?” ಶಾಲೆಯ ನರ್ಸ್ ಜ್ವರದ ಸಿರಪ್ಪಿನ ಬಾಟಲಿಯನ್ನು ಅಲುಗಾಡಿಸುತ್ತಾ ಕೇಳಿದರು. ತಾಯಿ ಆಗಷ್ಟೇ ಕೋಣೆಯ ಹೊಸ್ತಿಲು ದಾಟಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಕಿಟಕಿ ಪಕ್ಕದ ಮಂಚದಿಂದ ಮಗಳ ದನಿ ಬಂತು.

“ಇಲ್ಲ ಆಂಟಿ, ಕೊಟ್ಟಿಲ್ಲ. ಬೆಳಿಗ್ಗೆ ನಂಗೆ ಜ್ವರಾನೇ ಇರ್ಲಿಲ್ಲ.”

ಒಂದನೇ ತರಗತಿಯ ಹುಡುಗಿ. ಬೂಟು ಬಿಚ್ಚಿ ಮಂಚದ ಕೆಳಗೆ ಜೋಡಿಸಿಟ್ಟು, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದಳು. ದನಿ ಒಂದಿಷ್ಟೂ ಅಲುಗಲಿಲ್ಲ. ತಾಯಿ ಮಗಳನ್ನೇ ನೋಡಿದಳು. ಹೀಗೆ ಹೇಳು ಎಂದು ಅವಳು ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಹಣೆ ಮುಟ್ಟಿದಾಗ ಕೈ ಸುಟ್ಟ ಹಾಗಾಗಿತ್ತು, ನಿಜ. ಸಿರಪ್ಪು ಕುಡಿಸಿ, ಮೈ ತಣಿಯುವವರೆಗೆ ಕಾದು, ಜಡೆ ಹೆಣೆದು ಕರೆದುಕೊಂಡು ಬಂದಿದ್ದಳು. ಒಂದು ಚಮಚ ಕೊಡಬೇಕಾದಲ್ಲಿ ಒಂದೂವರೆ ಕೊಟ್ಟಿದ್ದಳು, ಸಂಜೆಯವರೆಗೆ ತಡೆಯಲಿ ಎಂದು. ಅಷ್ಟೂ ಹೊತ್ತು ತಾಯಿ ಮಗಳ ನಡುವೆ ಮಾತೇ ನಡೆದಿರಲಿಲ್ಲ.

ಜ್ವರ ಬಿಟ್ಟ ಮೇಲೆ, ಔಷಧಿಯ ಹಂಗಿಲ್ಲದೆ ಪೂರ್ತಿ ಒಂದು ದಿನ ಮನೆಯಲ್ಲಿ ಕಳೆದ ಮಗುವನ್ನು ಮಾತ್ರ ಶಾಲೆಗೆ ಕಳುಹಿಸಬೇಕು. ಆ ನಿಯಮವನ್ನು ನರ್ಸ್ ಕೋಣೆಯ ಬಾಗಿಲಿಗೇ ಅಂಟಿಸಿದ್ದರು. ತಾಯಿಗೆ ಅದು ಬಾಯಿಪಾಠ. ಆದರೆ ಅವಳು ದುಡಿಯುವ ಹೋಟೆಲಿನ ಇಸ್ತ್ರಿ ಕೋಣೆಗೂ ಅದರದೇ ನಿಯಮಗಳಿದ್ದವು. ಹೋದ ವಾರ ಮಗಳ ಕೆಮ್ಮಿಗೆಂದು ರಜೆ ಹಾಕಿದಾಗ, ಮೇಲ್ವಿಚಾರಕಿ ಹಾಸುಬಟ್ಟೆ ಮಡಿಸುತ್ತಾ, ಇನ್ನೊಂದು ಸಲ ಹೀಗಾದರೆ ನಿನ್ನ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ನಗುನಗುತ್ತಲೇ ಹೇಳಿದ್ದಳು. ಆಕೆ ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅದಕ್ಕೇ ಇವತ್ತು ಶಾಲೆಯಿಂದ ಫೋನ್ ಬಂದಾಗ ತಾಯಿ ಆ ಮೇಲ್ವಿಚಾರಕಿಗೆ, ಮಗು ಬಿದ್ದಿದೆಯಂತೆ ಎಂದಳೇ ಹೊರತು ಜ್ವರ ಎನ್ನಲಿಲ್ಲ. ಬಿದ್ದ ಮಗುವಿಗೆ ಒಂದು ಗಂಟೆ ಸಾಕು. ಜ್ವರದ ಮಗುವಿಗೆ ದಿನಗಳು ಬೇಕು.

“ಹಾಗಾದ್ರೆ ಈಗಷ್ಟೇ ಶುರುವಾಗಿರ್ಬೇಕು,” ಎಂದರು ನರ್ಸ್. ಬಾಗಿಲಿನತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. ಒಂದು ಚಮಚ ಹಾಕಿ ಇಲ್ಲೇ ಮಲಗಿಸಿಕೊಳ್ಳುತ್ತೇನೆ, ನೀವು ಕೆಲಸ ಮುಗಿಸಿ ಸಂಜೆ ಬನ್ನಿ ಎಂದರು. ಬೇರೆಯವರಿಗಾದರೆ ಹೀಗೆ ಮಾಡುವುದಿಲ್ಲ, ನಿಮ್ಮ ಕಷ್ಟ ಗೊತ್ತು ಎಂದೂ ಸೇರಿಸಿದರು.

ದೇವರೇ ಬಾಗಿಲು ತೆರೆದ ಹಾಗಿತ್ತು. ಸುಮ್ಮನೆ ತಲೆಯಾಡಿಸಿದರೆ ಸಾಕು, ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಇಸ್ತ್ರಿ ಮೇಜಿನ ಮುಂದಿರುತ್ತಾಳೆ. ನರ್ಸ್ ಸಿರಪ್ಪನ್ನು ಚಮಚಕ್ಕೆ ಬಗ್ಗಿಸಿದರು. ಕೆಂಪಗೆ, ದಪ್ಪಗೆ, ನಿಧಾನವಾಗಿ ಇಳಿಯಿತು. ಮಗಳು ಎದ್ದು ಕೂತು, ಯಾವತ್ತೂ ಸಿರಪ್ಪೆಂದರೆ ಮನೆ ತುಂಬ ಓಡಾಡಿಸುವವಳು, ತಾನಾಗಿಯೇ ಬಾಯಿ ತೆರೆದಳು.

“ಬೇಡ ಸಿಸ್ಟರ್. ಬೆಳಿಗ್ಗೆ ನಾನು ಕೊಟ್ಟಿದೀನಿ,” ಎಂದಳು ತಾಯಿ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. “ಜಾಸ್ತೀನೇ ಕೊಟ್ಟಿದೀನಿ. ಒಂದೂವರೆ.”

ನರ್ಸ್ ಚಮಚವನ್ನು ಹಾಗೇ ಹಿಡಿದುಕೊಂಡು ಅವಳ ಮುಖ ನೋಡಿದರು. ಬೈಗುಳಕ್ಕೆ ತಾಯಿ ಸಿದ್ಧಳಾಗಿದ್ದಳು. ನರ್ಸ್ ಸಿರಪ್ಪನ್ನು ತೊಟ್ಟೂ ಚೆಲ್ಲದಂತೆ ಬಾಟಲಿಗೆ ಮರಳಿ ಸುರಿಯಲು ನೋಡಿ, ಆಗದೆ, ಚಮಚವನ್ನು ನಲ್ಲಿಯ ಕೆಳಗೆ ತೊಳೆದರು. ಇನ್ನೆರಡು ದಿನ ಶಾಲೆಗೆ ಕರೆತರಬೇಡಿ, ಇವತ್ತು ಮತ್ತೆ ಸಿರಪ್ಪು ಕೊಡುವ ಮೊದಲು ಡಾಕ್ಟರನ್ನು ಕೇಳಿ ಎಂದಷ್ಟೇ ಹೇಳಿದರು. ಆಮೇಲೆ ಬಾಗಿಲಿಗೆ ಅಂಟಿಸಿದ್ದ ನಿಯಮವನ್ನು ಗಲ್ಲದಿಂದಲೇ ತೋರಿಸಿ, “ಇದನ್ನ ಬರೆದೋರ ಮನೇಲಿ ಮಗು ನೋಡ್ಕೊಳ್ಳೋಕೆ ಒಬ್ರು ಅಜ್ಜಿ ಇದ್ರು ಅಂತ ಕಾಣತ್ತೆ,” ಎಂದರು. ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಗೇಟಿನ ಹತ್ತಿರ ತಾಯಿ ಮಗಳನ್ನು ಸೊಂಟಕ್ಕೇರಿಸಿಕೊಂಡೇ ಮೇಲ್ವಿಚಾರಕಿಗೆ ಫೋನ್ ಮಾಡಿದಳು. ಮಗು ಬಿದ್ದಿಲ್ಲ, ಜ್ವರ, ನಾಳೆ ನಾಡಿದ್ದೂ ಬರಲಾಗುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಆ ಕಡೆಯಿಂದ ಇಸ್ತ್ರಿಯ ಹಬೆಯ ಸದ್ದು ಕೇಳುತ್ತಿತ್ತು. “ಆಯ್ತು, ನೋಡೋಣ,” ಎಂದು ಮೇಲ್ವಿಚಾರಕಿ ಫೋನ್ ಇಟ್ಟಳು. ಆ ‘ನೋಡೋಣ’ದಲ್ಲಿ ನೋಡುವುದೇನೂ ಉಳಿದಿಲ್ಲ ಎಂದು ತಾಯಿಗೆ ಗೊತ್ತಾಯಿತು. ಫೋನನ್ನು ಚೀಲಕ್ಕೆ ಹಾಕಿ ರಸ್ತೆಗಿಳಿದಳು.

“ಅಮ್ಮಾ, ನನ್ನ ವಾಪಸ್ ಬಿಟ್ಟು ನೀನು ಕೆಲ್ಸಕ್ಕೆ ಹೋಗು,” ಎಂದಳು ಮಗಳು. “ನಂಗೆ ಜ್ವರ ಇಲ್ಲ.”

ತಾಯಿ ಮಗಳ ಹಣೆಯತ್ತ ಕೈ ಎತ್ತಿದಳು. ಮಗಳು ತಟ್ಟನೆ ಮುಖವನ್ನು ಆಚೆ ತಿರುಗಿಸಿ, ಜ್ವರದಲ್ಲಿ ತಣ್ಣಗಾಗಿದ್ದ ತನ್ನ ಬೆರಳುಗಳನ್ನು ಮುಂದೆ ಚಾಚಿದಳು.

“ಇಲ್ಲಿ ಮುಟ್ಟಿ ನೋಡು.”