ಗಾಜಿನ ಅಂಚು

ಅರ್ಪಿತಾಳ ಹೆಸರು ಅಂಟಿಸಿದ್ದ ಕಫದ ಡಬ್ಬಿಗೆ ಅವಳ ತಾಯಿ ಮಂಗಳಮ್ಮ ತಾನೇ ಕೆಮ್ಮಿ ಉಗಿದಳು. ನರಸೀಪುರದ ಆ ಲ್ಯಾಬಿನ ಹಿಂದೆ, ನಲ್ಲಿಯ ಹತ್ತಿರ ಬೇರೆ ಯಾರೂ ಇರಲಿಲ್ಲ. ಮುಚ್ಚಳ ಬಿಗಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಮಗಳು ಮುಂದಿನ ಬೆಂಚಿನ ಮೇಲೆ ಜ್ವರದಲ್ಲಿ ಒರಗಿ ಕೂತಿದ್ದಳು. ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿರುವ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ಹುಡುಗಿ ಕೆಮ್ಮುತ್ತಾಳೆಂದು ಯಾರೋ ಕಿವಿಗೆ ಹಾಕಿದ ಮೇಲೆ, ಪರೀಕ್ಷೆ ಮಾಡಿಸಿ ತೋರಿಸಿ ಎಂದಿದ್ದರು ಗಂಡಿನ ಕಡೆಯವರು. ಕ್ಷಯವೆಂದು ಬಂದರೆ ಇವನಿರಲಿ, ಇನ್ಯಾರೂ ಬಾಗಿಲಿಗೆ ಬರುವುದಿಲ್ಲ. ಮೊದಲು ತಾಳಿ ಬೀಳಲಿ, ಔಷಧಿ ಆಮೇಲೆ ಗುಟ್ಟಾಗಿ ಕೊಡಿಸಿದರಾಯಿತು. ತನ್ನ ಕೆಮ್ಮೇನು, ಒಲೆ ಹೊಗೆಯದು. ವರ್ಷಗಳಿಂದ ಇದ್ದದ್ದೇ.

ಮಧ್ಯಾಹ್ನ ಟೆಕ್ನಿಷಿಯನ್ ವಾಣಿ ಮಂಗಳಮ್ಮನೊಬ್ಬಳನ್ನೇ ಒಳಗೆ ಕರೆದಳು. ಮೈಕ್ರೋಸ್ಕೋಪಿನ ತಲೆಗೆ ಒಂದು ಕ್ಯಾಮೆರಾ, ಪಕ್ಕದಲ್ಲಿ ಕಂಪ್ಯೂಟರ್. ಮೈಸೂರಿನ ಕಾಲೇಜಿನವರು ಪ್ರಯೋಗಕ್ಕೆಂದು ಇಟ್ಟುಹೋಗಿದ್ದರು.

“ಏನೂ ಇಲ್ಲ ತಾನೆ ಮೇಡಂ? ಒಂದ್ ಚೀಟಿ ಬರ್ದು ಕೊಟ್ಬುಡಿ, ಬಸ್ಸಿಗೆ ಒತ್ತಾಯ್ತು.”

“ಕೂತ್ಕೊಳಿ. ಮೊದ್ಲೆಲ್ಲ ಹತ್ರದಿಂದ ನೋಡಿದ್ರೆ ಸಾಸಿವೆ ಕಾಳಿನಷ್ಟು ಜಾಗಾನೂ ಕಾಣ್ತಿರ್ಲಿಲ್ಲ, ಅಗಲವಾಗಿ ನೋಡಿದ್ರೆ ಕ್ರಿಮಿ ಕಾಣ್ತಿರ್ಲಿಲ್ಲ. ಈಗ ಹತ್ರದ ಫೋಟೋಗಳನ್ನೆಲ್ಲ ಕಂಪ್ಯೂಟರೇ ಪಕ್ಕಪಕ್ಕ ಜೋಡಿಸುತ್ತೆ. ಕಫ ಬಳಿದ ಇಡೀ ಗಾಜು ಒಟ್ಟಿಗೆ ಸಿಗುತ್ತೆ.”

ಪರದೆಯ ತುಂಬ ನೀಲಿ ಬಯಲು. ವಾಣಿ ಅದನ್ನು ಸರಿಸುತ್ತ ಗಾಜಿನ ಅಂಚಿಗೆ ಹೋಗಿ ನಿಲ್ಲಿಸಿ ದೊಡ್ಡದು ಮಾಡಿದಳು. ಸಣ್ಣ ಕೆಂಪು ಕಡ್ಡಿಗಳು, ಒಂದಕ್ಕೊಂದು ಒತ್ತಿಕೊಂಡು.

“ಟಿ.ಬಿ. ಕ್ರಿಮಿ. ಒಂದೇ ಮೂಲೇಲಿದೆ. ಕಣ್ಣಲ್ಲೇ ಹುಡುಕಿದ್ರೆ ತಪ್ಪಿಹೋಗ್ತಿತ್ತೇನೋ.”

“ಸರ್ಯಾಗ್ ನೋಡ್ರವ್ವ. ಮಿಷನ್ನು ತಪ್ಪೇಳ್ತಿರಬೌದು.”

“ಮತ್ತೆ ಮತ್ತೆ ನೋಡಿದೀನಿ. ಹೆದರ್ಬೇಡಿ, ಮಾತ್ರೆ ತಗೊಂಡ್ರೆ ವಾಸಿಯಾಗುತ್ತೆ. ಆದ್ರೆ ಇದು ಉಸಿರಲ್ಲೇ ಹರಡೋದು. ಮನೇಲಿ ಅವಳ ಪಕ್ಕ ಯಾರು ಮಲಗ್ತಾರೆ?”

“ನಾನೇ. ಒಂದೇ ಕಂಬ್ಳಿ.”

“ಹಾಗಾದ್ರೆ ಅವಳಿಂದ ನಿಮ್ಗೂ ಬಂದಿರಬಹುದು.”

ಮಂಗಳಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಎದ್ದು ಹೊರಗೆ ಬಂದಳು.

“ಏನಂದ್ರವ್ವ?” ಅರ್ಪಿತಾ ಕಣ್ಣು ಬಿಟ್ಟಳು.

“ಏನಿಲ್ಲ ಕಣವ್ವ. ಒಸಿ ಗಂಜಿ ಕುಡಿ, ಬೆಳಗ್ಗಿಂದ ಏನೂ ತಿಂದಿಲ್ಲ.” ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿದಳು.

“ಬಿಸಿ ಅದೆ. ಊದಿ ಕೊಡು.”

ಕೈಕೂಸಾಗಿದ್ದಾಗಿನಿಂದ ಹೀಗೇ. ತಾಯಿ ಊದದೆ ಯಾವುದೂ ಗಂಟಲಿಗೆ ಇಳಿಯುವುದಿಲ್ಲ. ಮಂಗಳಮ್ಮ ಲೋಟಕ್ಕೆ ಬಗ್ಗಿದಳು. ತುಟಿ ದುಂಡಗಾಯಿತು. ಉಸಿರು ಅಲ್ಲೇ ನಿಂತಿತು.

ಲೋಟವನ್ನು ಬೆಂಚಿನ ಮೇಲಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಮತ್ತೆ ಒಳಗೆ ಹೋದಳು.

“ಇನ್ನೊಂದು ಡಬ್ಬಿ ಕೊಡಿ ಮೇಡಂ. ಬೆಳಗ್ಗೆ ಕೊಟ್ಟಿದ್ದು ನಂದು.”